ಡೀಸೆಲ್ ಜೀಪಿಗೆ ಗ್ಯಾಸ್ ಹಾಕಿಸಿದರೆ ಉಳಿಯುವುದು ಯಾರ ದುಡ್ಡು?

ಸಕಲೇಶಪುರದ ಆಚೆ ಸಣ್ಣ ಕಾಫಿ ತೋಟ ಇಟ್ಟುಕೊಂಡಿರುವ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿದ್ದ. ಅವನ ಹತ್ತಿರ ಹಳೇ ಫೋರ್ ವೀಲ್ ಡ್ರೈವ್ ಡೀಸೆಲ್ ಜೀಪ್ ಇದೆ. ಮಳೆಗಾಲದಲ್ಲಿ ತೋಟದ ಏರು ಹತ್ತೋದಕ್ಕೆ, ಗೊಬ್ಬರ ಸಾಗಿಸೋದಕ್ಕೆ, ಕೆಲಸದವರನ್ನು ಕರೆತರೋದಕ್ಕೆ ಅದೇ ಗತಿ. "ಯೂಟ್ಯೂಬಲ್ಲಿ ನೋಡ್ದೆ ಮಾರಾಯ. ಆಸ್ಟ್ರೇಲಿಯಾದವ್ರು ಡೀಸೆಲ್ ಇಂಜಿನ್ನಿಗೇ ಎಲ್‌ಪಿಜಿ ಇಂಜೆಕ್ಷನ್ ಹಾಕಿಸ್ತಾರೆ. ಪವರ್ರೂ ಜಾಸ್ತಿ, ಡೀಸೆಲ್ಲೂ ಉಳಿತದೆ ಅಂತಾರೆ. ನಾನೂ ಹಾಕಿಸ್ಲಾ?" ಅಂತ ಕೇಳಿದ.

ನಕ್ಕು ಬಿಡುವ ಪ್ರಶ್ನೆಯಲ್ಲ ಇದು. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರ್ ಬೆಲೆ 91 ರೂಪಾಯಿ ಮುಟ್ಟಿತು. ಲೀಟರಿಗೆ ಎಂಟೋ ಹತ್ತೋ ಕಿಲೋಮೀಟರ್ ಕೊಡುವ ಹಳೇ ಜೀಪಿನವರು ಬೇರೆ ದಾರಿ ಹುಡುಕಿದರೆ ತಪ್ಪು ಅವರದ್ದಲ್ಲ. ಆದರೆ ಈ ಗ್ಯಾಸಿನ ದಾರಿ ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಹತ್ತುವ ಮೊದಲೇ ತಿಳಿದುಕೊಳ್ಳಬೇಕು.

ಇಂಜಿನ್ ಒಳಗೆ ಏನಾಗುತ್ತೆ

ಪೆಟ್ರೋಲ್ ಕಾರಿಗೆ ಗ್ಯಾಸ್ ಹಾಕಿಸಿದ ಹಾಗಲ್ಲ ಇದು. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತೆ. ಹಾಗಾಗಿ ಪೆಟ್ರೋಲ್ ಪೂರ್ತಿ ನಿಲ್ಲಿಸಿ ಗ್ಯಾಸಿನಲ್ಲೇ ಓಡಿಸಬಹುದು. ಡೀಸೆಲ್ ಇಂಜಿನ್ನಿನಲ್ಲಿ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುವಂತೆ ಮಾಡುತ್ತಾರೆ. ಎಲ್‌ಪಿಜಿ ಅಷ್ಟು ಸುಲಭಕ್ಕೆ ತಾನಾಗಿ ಹೊತ್ತಿಕೊಳ್ಳೋದಿಲ್ಲ. ಅದಕ್ಕೆ ಡೀಸೆಲ್‌ಗಿಂತ ಬಹಳ ಹೆಚ್ಚು ಶಾಖ ಬೇಕು. ಅದಕ್ಕೇ ಇಂಜಿನ್ ಒಳಕ್ಕೆ ಎಳೆದುಕೊಳ್ಳುವ ಗಾಳಿಗೆ ಸ್ವಲ್ಪ ಗ್ಯಾಸ್ ಬೆರೆಸಿ, ಡೀಸೆಲ್ಲನ್ನೇ ಬೆಂಕಿಕಡ್ಡಿಯ ಹಾಗೆ ಬಳಸುತ್ತಾರೆ. ಡೀಸೆಲ್ ಹೊತ್ತಿದಾಗ ಗ್ಯಾಸೂ ಹೊತ್ತುತ್ತೆ. ಜೀಪುಗಳಿಗೆ ಹಾಕುವ ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಒಟ್ಟು ಇಂಧನದ ಸಣ್ಣ ಪಾಲು ಮಾತ್ರ ಗ್ಯಾಸ್. ಹೆಚ್ಚಿನದ್ದು ಡೀಸೆಲ್ಲೇ.

ಮಾರುವವರು ಹೇಳುವ ಮಾತೊಂದಿದೆ: "ಡೀಸೆಲ್ ಪೂರ್ತಿ ಉರಿಯೋದೇ ಇಲ್ಲ, ಗ್ಯಾಸ್ ಕೊಟ್ರೆ ನೂರಕ್ಕೆ ನೂರು ಉರಿಯುತ್ತೆ." ಇದು ನಿಜವಲ್ಲ. ಸುಸ್ಥಿತಿಯಲ್ಲಿರುವ ಡೀಸೆಲ್ ಇಂಜಿನ್ನಿನಲ್ಲಿ ನೂರರಲ್ಲಿ 98 ಪಾಲಿಗೂ ಹೆಚ್ಚು ಇಂಧನ ಉರಿದೇ ಉರಿಯುತ್ತೆ. ಶಕ್ತಿ ಪೋಲಾಗೋದು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಹೋಗುವ ಬಿಸಿಯಲ್ಲಿ. ಗ್ಯಾಸ್ ಅದನ್ನು ಹಿಡಿದು ತರೋದಿಲ್ಲ. ಇಂಜಿನ್ ಮೇಲೆ ಭಾರ ಕಡಿಮೆ ಇರುವಾಗಂತೂ ಬೆರೆಸಿದ ಗ್ಯಾಸಿನ ಒಂದಷ್ಟು ಪಾಲು ಉರಿಯದೆ ಹೊರಗೆ ಹೋಗುತ್ತೆ.

ಹಾಗಾದರೆ ಪವರ್ ಜಾಸ್ತಿಯಾಯ್ತು ಅನ್ನೋದು ಸುಳ್ಳಾ? ಅಲ್ಲ. ಡೀಸೆಲ್ ಜೊತೆಗೆ ಇನ್ನಷ್ಟು ಇಂಧನ ಕೊಟ್ಟಾಗ ಎಳೆತ ಹೆಚ್ಚಲೇಬೇಕು. ಟರ್ಬೋ ಇಲ್ಲದ ಹಳೇ ಇಂಜಿನ್‌ಗಳಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತೆ. ಟೊಯೋಟಾ ಲ್ಯಾಂಡ್ ಕ್ರೂಸರಿನ 4.2 ಲೀಟರ್ ಇಂಜಿನ್ನಿಗೆ, ನಿಸಾನ್ ಪ್ಯಾಟ್ರೋಲಿನ ಅಷ್ಟೇ ದೊಡ್ಡ ಇಂಜಿನ್ನಿಗೆ ಆಸ್ಟ್ರೇಲಿಯಾದವರು ಇದನ್ನು ಹಾಕಿಸಿಕೊಂಡದ್ದು ಅದಕ್ಕೇ. ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಸಾವಿರಾರು ಕಿಲೋಮೀಟರ್ ಹೋಗುವವರಿಗೆ ಏರಿನಲ್ಲಿ ಗೇರ್ ಇಳಿಸದೆ ಹೋಗೋದೇ ದೊಡ್ಡ ಸುಖ. ಆದರೆ ಗ್ಯಾಸಿನ ಪ್ರಮಾಣ ಅಳತೆ ಮೀರಿದರೆ ಸಿಲಿಂಡರಿನ ಒಳಗೆ ಒತ್ತಡ ಒಮ್ಮೆಲೇ ಏರುತ್ತೆ, ಇಂಜಿನ್ ಬಡಿದುಕೊಳ್ಳಲು ಶುರುವಾಗುತ್ತೆ. ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಹಾಳಾಗುತ್ತೆ. ಅಳತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಕಂಟ್ರೋಲ್, ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಇಲ್ಲದೆ ಬರೀ ಪೈಪ್ ತಂದು ಏರ್ ಫಿಲ್ಟರಿಗೆ ಸಿಕ್ಕಿಸುವ ಕೆಲಸ ಇಂಜಿನ್ನಿನ ಜೊತೆ ಜೂಜಾಡಿದ ಹಾಗೆ.

ಆಸ್ಟ್ರೇಲಿಯಾದ ಲೆಕ್ಕ

ಆಸ್ಟ್ರೇಲಿಯಾದಲ್ಲಿ ಗ್ಯಾಸ್ ಅಗ್ಗವಾಗಿದ್ದಕ್ಕೆ ಸರ್ಕಾರದ ನೀತಿಯೇ ದೊಡ್ಡ ಕಾರಣ. ಬಹಳ ವರ್ಷ ಅಲ್ಲಿ ಡೀಸೆಲ್ ಮೇಲೆ ಲೀಟರಿಗೆ 38 ಸೆಂಟ್‌ಗೂ ಹೆಚ್ಚು ಅಬಕಾರಿ ಸುಂಕ ಇತ್ತು. ವಾಹನಕ್ಕೆ ಹಾಕುವ ಎಲ್‌ಪಿಜಿ ಮೇಲೆ ಸುಂಕ ಸೊನ್ನೆ. ಸಾಲದ್ದಕ್ಕೆ 2006ರಲ್ಲಿ ಜಾನ್ ಹೊವಾರ್ಡ್ ಸರ್ಕಾರ ಖಾಸಗಿ ವಾಹನಕ್ಕೆ ಎಲ್‌ಪಿಜಿ ಹಾಕಿಸಿಕೊಂಡವರಿಗೆ 2000 ಡಾಲರ್ ಸಹಾಯಧನ ಘೋಷಿಸಿತು. ಗ್ಯಾಸ್ ಕಿಟ್ ಹಾಕುವ ವರ್ಕ್‌ಶಾಪ್‌ಗಳಿಗೆ ಅದು ಸುಗ್ಗಿಯ ಕಾಲ.

ಆಮೇಲೆ ಗಾಳಿ ತಿರುಗಿತು. ಸಹಾಯಧನವನ್ನು ಇಳಿಸುತ್ತಾ ಬಂದು 2014ರಲ್ಲಿ ನಿಲ್ಲಿಸಿದರು. 2011ರ ಡಿಸೆಂಬರಿನಿಂದ ಎಲ್‌ಪಿಜಿ ಮೇಲೂ ಸುಂಕ ಶುರುವಾಯ್ತು. ಲೀಟರಿಗೆ 2.5 ಸೆಂಟ್‌ನಿಂದ ಹೊರಟು 2015ರ ಹೊತ್ತಿಗೆ 12.5 ಸೆಂಟ್ ಆಯ್ತು. ಟ್ಯಾಕ್ಸಿಗಳು ಹೈಬ್ರಿಡ್ ಕಡೆ ಹೋದವು. 2016ರಲ್ಲಿ ಫೋರ್ಡ್ ಅಲ್ಲಿ ಕಾರು ತಯಾರಿಕೆಯನ್ನೇ ಮುಚ್ಚಿತು, ಅದರ ಜೊತೆ ಗ್ಯಾಸಿನ ಫಾಲ್ಕನ್ ಕೂಡ ಹೋಯ್ತು. ಗಿರಾಕಿ ಕಡಿಮೆಯಾದಂತೆ ಬಂಕ್‌ಗಳು ಗ್ಯಾಸ್ ಪಂಪ್ ತೆಗೆಯುತ್ತಾ ಬಂದವು.

ಅಂದರೆ, ಕಿಟ್ ಹಾಕಿಸಿದವರು ಉಳಿಸಿದ್ದರಲ್ಲಿ ದೊಡ್ಡ ಪಾಲು ಎರಡು ಇಂಧನಗಳ ಮೇಲಿನ ತೆರಿಗೆಯ ಅಂತರ. ಅಂತರ ಕರಗಿದಾಗ ಉಳಿತಾಯವೂ ಕರಗಿತು, ಟ್ಯಾಂಕ್ ಮಾತ್ರ ಗಾಡಿಯಲ್ಲಿ ಉಳೀತು. ಯೂಟ್ಯೂಬ್ ವಿಡಿಯೋ ಈ ಅರ್ಧ ಕಥೆ ಹೇಳೋದಿಲ್ಲ.

ನಮ್ಮ ಲೆಕ್ಕ

ಈಗ ನಮ್ಮೂರಿಗೆ ಬರೋಣ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇರುತ್ತೆ. ಒಂದು ಲೀಟರ್ ಎಲ್‌ಪಿಜಿಯಲ್ಲಿ ಸುಮಾರು 25. ಅಂದರೆ ಗ್ಯಾಸಿನ ಲೀಟರ್ ಬೆಲೆ ಡೀಸೆಲ್ ಬೆಲೆಯ ಶೇ. 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಲಾಭ. ಡೀಸೆಲ್ 91 ಅಂತಿಟ್ಟುಕೊಂಡರೆ ಗ್ಯಾಸ್ 63 ರೂಪಾಯಿಗೂ ಕೆಳಗೆ ಸಿಗಬೇಕು.

ಗೆಳೆಯನ ಜೀಪ್ ವರ್ಷಕ್ಕೆ 15,000 ಕಿಲೋಮೀಟರ್ ಓಡುತ್ತೆ, ಲೀಟರಿಗೆ ಹತ್ತು ಕೊಡುತ್ತೆ ಅಂತಿಟ್ಟುಕೊಳ್ಳಿ. ಅಂದರೆ 1500 ಲೀಟರ್ ಡೀಸೆಲ್. ಐದರಲ್ಲೊಂದು ಪಾಲನ್ನು ಗ್ಯಾಸಿಗೆ ಬದಲಾಯಿಸಿದರೆ 300 ಲೀಟರ್, ಅಂದರೆ 27,300 ರೂಪಾಯಿಯ ಡೀಸೆಲ್ ಉಳಿಯುತ್ತೆ. ಅದರ ಜಾಗಕ್ಕೆ ಬೇಕಾಗೋದು ಸುಮಾರು 430 ಲೀಟರ್ ಆಟೋ ಎಲ್‌ಪಿಜಿ. ಅದು ಲೀಟರಿಗೆ 60 ರೂಪಾಯಿಯಂತೆ ಸಿಕ್ಕರೂ 25,800 ಆಯ್ತು. ವರ್ಷವಿಡೀ ಒದ್ದಾಡಿ ಉಳಿದದ್ದು 1500 ರೂಪಾಯಿ! ಕಿಟ್ಟಿನ ದುಡ್ಡು ಯಾವಾಗ ವಾಪಸ್ ಬರಬೇಕು? ತೋಟದಿಂದ ಗ್ಯಾಸ್ ಬಂಕ್ ಹುಡುಕಿಕೊಂಡು ಹೋಗಿ ಬರುವ ಡೀಸೆಲ್ ಖರ್ಚನ್ನು ಇಲ್ಲಿ ಸೇರಿಸಿಯೇ ಇಲ್ಲ.

ಇಲ್ಲೇ ಮನಸ್ಸು ಅಡುಗೆಮನೆ ಕಡೆ ತಿರುಗೋದು. 14.2 ಕೆಜಿಯ ಮನೆ ಸಿಲಿಂಡರ್ 2025ರ ಏಪ್ರಿಲ್ ಏರಿಕೆಯ ನಂತರವೂ ಬೆಂಗಳೂರಿನಲ್ಲಿ 855 ರೂಪಾಯಿ ಆಸುಪಾಸು ಇತ್ತು. ಅದೇ 300 ಲೀಟರ್ ಡೀಸೆಲ್ ಜಾಗಕ್ಕೆ ಹದಿನಾರೋ ಹದಿನೇಳೋ ಸಿಲಿಂಡರ್ ಸಾಕು, ಖರ್ಚು 14,000ದ ಹತ್ತಿರ. ಉಳಿತಾಯ 13,000 ರೂಪಾಯಿ. ಲಾಭ ಕಾಣೋದು ಈ ಲೆಕ್ಕದಲ್ಲಿ ಮಾತ್ರ. ಬೆಂಗಳೂರಿನಲ್ಲಿ ಆಟೋಗಳಿಗೆ ಮನೆ ಗ್ಯಾಸ್ ತುಂಬಿಸುವ ಕಳ್ಳ ದಂಧೆ ಹುಟ್ಟಿದ್ದೂ ಇದೇ ಲೆಕ್ಕದಿಂದ.

ಆ 13,000 ಎಲ್ಲಿಂದ ಬಂತು? ಮನೆ ಗ್ಯಾಸಿಗೆ ಜಿಎಸ್‌ಟಿ ಶೇ. 5, ವಾಣಿಜ್ಯ ಸಿಲಿಂಡರಿಗೆ ಶೇ. 18. ಮನೆ ಸಿಲಿಂಡರನ್ನು ಅಸಲಿಗಿಂತ ಕಡಿಮೆಗೆ ಮಾರಿ ಆದ ನಷ್ಟಕ್ಕೆ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 30,000 ಕೋಟಿ ರೂಪಾಯಿ ಕೊಡಲು 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅದು ನಮ್ಮೆಲ್ಲರ ತೆರಿಗೆ ದುಡ್ಡು. ಸೌದೆ ಒಲೆಯ ಹೊಗೆ ಕುಡಿಯೋದು ತಪ್ಪಲಿ ಅಂತ ಇಟ್ಟ ದುಡ್ಡು ಜೀಪಿನ ಹೊಗೆಯಾಗಿ ಹೋಗೋದು ಸರಿಯಾ?

ಕಾನೂನು ಮತ್ತು ಪ್ರಾಣ

ಮನೆ ಸಿಲಿಂಡರನ್ನು ವಾಹನಕ್ಕೆ ಬಳಸೋದು ಅಗತ್ಯ ವಸ್ತುಗಳ ಕಾಯ್ದೆಯಡಿ ಅಪರಾಧ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನದ ಮೂಲ ವಿವರಗಳನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಗ್ಯಾಸ್ ಕಿಟ್‌ಗೆ ಆ ಮಾದರಿ ವಾಹನಕ್ಕೆಂದೇ ಪಡೆದ ಟೈಪ್ ಅಪ್ರೂವಲ್ ಇರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಬಿಎಸ್-6 ವಾಹನಗಳಿಗಾಗಿ ಕೇಂದ್ರ 2022ರಲ್ಲಿ ತಂದ ನಿಯಮ ಪೆಟ್ರೋಲ್ ಗಾಡಿಗೆ ಗ್ಯಾಸ್ ಕಿಟ್ ಹಾಕೋದರ ಬಗ್ಗೆ, ಡೀಸೆಲ್ ಇಂಜಿನ್ನನ್ನೇ ತೆಗೆದು ಗ್ಯಾಸ್ ಇಂಜಿನ್ ಕೂರಿಸೋದರ ಬಗ್ಗೆ ಮಾತಾಡುತ್ತೆ. "ಡೀಸೆಲ್ಲೂ ಇರಲಿ, ಜೊತೆಗೆ ಗ್ಯಾಸೂ ಇರಲಿ" ಅನ್ನುವ ಗ್ಯಾರೇಜಿನವರನ್ನು ಮೊದಲು ಕೇಳಬೇಕಾದ್ದು ಆ ಅಪ್ರೂವಲ್ ಪತ್ರ. ಅದಿಲ್ಲದೆ ಅಪಘಾತವಾದರೆ ವಿಮೆ ಕಂಪನಿ ಮೊದಲು ಹುಡುಕೋದೂ ಅದನ್ನೇ.

ಕಾನೂನಿಗಿಂತ ದೊಡ್ಡದು ಪ್ರಾಣ. ವಾಹನದ ಗ್ಯಾಸ್ ಟ್ಯಾಂಕಿನಲ್ಲಿ ಶೇ. 80 ತುಂಬಿದಾಗ ತಾನಾಗಿ ನಿಲ್ಲುವ ವಾಲ್ವ್ ಇರುತ್ತೆ, ಪೈಪ್ ಕಿತ್ತುಹೋದರೆ ಹರಿವು ತಡೆಯುವ ವ್ಯವಸ್ಥೆ ಇರುತ್ತೆ. ಅಡುಗೆ ಸಿಲಿಂಡರ್ ನಿಂತಲ್ಲೇ ನಿಲ್ಲಲೆಂದು ಮಾಡಿದ್ದು. ಅದನ್ನು ಜೀಪಿನ ಹಿಂದೆ ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ಬರುತ್ತೆ. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿ ಹೋಗೋದಿಲ್ಲ, ಕಾಲಡಿಯಲ್ಲಿ ನಿಲ್ಲುತ್ತೆ. ಜೀಪಿನ ಹಿಂದೆ ಕೂರುವವರು ಕೆಲಸದ ಹೆಂಗಸರು. ಕಿಟ್ ಹಾಕಿಸುವ ತೀರ್ಮಾನ ಅವರದ್ದಲ್ಲ, ಅಪಾಯ ಮಾತ್ರ ಅವರದ್ದು.

ಕೇಳಬೇಕಾದ್ದು ಬೇರೆಯೇ

ಗೆಳೆಯನ ಕಷ್ಟ ನಿಜ. ಅದಕ್ಕೆ ಉತ್ತರ ಗ್ಯಾರೇಜಿನಲ್ಲಿಲ್ಲ. ನಾವು ಆಸ್ಟ್ರೇಲಿಯಾದಿಂದ ಕಲಿಯಬೇಕಾದ್ದು ಗ್ಯಾಸ್ ಕಿಟ್ ಅಲ್ಲ, ಇನ್ನೊಂದು ವಿಷಯ. ಅಲ್ಲಿನ ರೈತ ಸಾರ್ವಜನಿಕ ರಸ್ತೆಗೆ ಇಳಿಯದೆ ತನ್ನ ಜಮೀನಿನಲ್ಲಿ ಕೃಷಿ ಕೆಲಸಕ್ಕೆ ಸುಟ್ಟ ಡೀಸೆಲ್ ಮೇಲಿನ ಸುಂಕವನ್ನು ಲೆಕ್ಕ ಕೊಟ್ಟು ವಾಪಸ್ ಪಡೀತಾನೆ. ನಮ್ಮಲ್ಲಿ ತೋಟದ ಟ್ರ್ಯಾಕ್ಟರಿಗೂ, ವಾರಾಂತ್ಯದಲ್ಲಿ ಹೋಂಸ್ಟೇಗೆ ಬರುವ ಐಷಾರಾಮಿ ಎಸ್‌ಯುವಿಗೂ ಪಂಪಿನಲ್ಲಿ ಒಂದೇ ತೆರಿಗೆ. ಕರಾವಳಿಯ ಮೀನುಗಾರಿಕಾ ದೋಣಿಗಳಿಗೆ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುವ ವ್ಯವಸ್ಥೆ ಇದೇ ರಾಜ್ಯದಲ್ಲಿದೆ. ಸಮುದ್ರದಲ್ಲಿ ಆಗೋದು ಹೊಲದಲ್ಲಿ ಯಾಕೆ ಆಗಬಾರದು? ದುರ್ಬಳಕೆ ಆಗಬಹುದು, ಹಾಗಾಗಿ ಮಿತಿ, ಲೆಕ್ಕ ಎರಡೂ ಇರಲಿ. ಆದರೆ ಚರ್ಚೆ ಶುರುವಾಗಬೇಕಾದ್ದು ಅಲ್ಲಿಂದ.

ಗೆಳೆಯನಿಗೆ ಹೇಳಿದ್ದು ಇಷ್ಟೇ: ಇಂಜೆಕ್ಟರ್ ಚೆಕ್ ಮಾಡಿಸು, ಏರ್ ಫಿಲ್ಟರ್ ಬದಲಿಸು, ಟೈರಿಗೆ ಸರಿಯಾಗಿ ಗಾಳಿ ಹೊಡೆಸು. ಕರಿ ಹೊಗೆ ಹೋಗುತ್ತಿದ್ದರೆ ಉರಿಯದ ಡೀಸೆಲ್ ಹೋಗುತ್ತಿರೋದು ಅಲ್ಲೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಗೆ ಹೋಗ್ತದೆ ಮಾರಾಯ, ಎರಡು ವರ್ಷ ಆಯ್ತು" ಅಂದ.