ಮನೆಯ ಕಾವಲು, ಮನೆಯವರ ಸಮ್ಮತಿ

ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬೇಕು ಎಂಬ ವಿವೇಚನೆ ಗೃಹಸ್ಥರಿಗೆ ಹೊಸದಲ್ಲ. ಇಂದು ಮನೆಗಳಿಗೆ ಇನ್ನೊಂದು ಬಾಗಿಲು ಬಂದಿದೆ. ಅಂತರಜಾಲವನ್ನು ಒಳತರುವ ರೂಟರೇ ಆ ಬಾಗಿಲು. ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ದೂರದೂರಿನ ಬಂಧುಗಳ ಮುಖದರ್ಶನ ಎಲ್ಲವೂ ಅದರ ಮೂಲಕವೇ ಬರುತ್ತವೆ. ಜಾಹೀರಾತುಗಳೂ ಅದರ ಮೂಲಕವೇ ನುಗ್ಗುತ್ತವೆ. ಬರಿದೆ ನುಗ್ಗುವುದಾದರೆ ಸಹಿಸಬಹುದಿತ್ತು. ನಾವು ಏನನ್ನು ಓದಿದೆವು, ಎಷ್ಟು ಹೊತ್ತು ನೋಡಿದೆವು ಎಂಬುದನ್ನು ಗುರುತು ಹಾಕಿಕೊಂಡು ಹೋಗುವವೂ ಅವುಗಳಲ್ಲಿವೆ. ಆದುದರಿಂದಲೇ ಇಡೀ ಮನೆಯ ಸಂಪರ್ಕಕ್ಕೆ ಒಂದೇ ತಡೆಯನ್ನು ಹಾಕುವ ಉಪಾಯವನ್ನು ಕೆಲವರು ಕೈಗೊಳ್ಳುತ್ತಿದ್ದಾರೆ. ಅದರ ಗುಣದೋಷಗಳನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಅಂತರಜಾಲದ ಪ್ರತಿಯೊಂದು ತಾಣಕ್ಕೂ ಒಂದು ಹೆಸರಿದೆ. ಅದನ್ನು ತಲುಪಲು ಒಂದು ಸಂಖ್ಯಾವಿಳಾಸವಿದೆ. ಮನುಷ್ಯರು ಹೆಸರನ್ನು ಬಲ್ಲರು, ಯಂತ್ರಗಳು ಸಂಖ್ಯೆಯನ್ನು ಬಲ್ಲವು. ಹೆಸರು ಹೇಳಿದರೆ ಸಂಖ್ಯೆಯನ್ನು ತಿಳಿಸುವ ವ್ಯವಸ್ಥೆಗೆ ಡಿ.ಎನ್.ಎಸ್. ಎನ್ನುತ್ತಾರೆ. 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಇದನ್ನು ರೂಪಿಸಿದರು. 2015ರಲ್ಲಿ ಬಿಡುಗಡೆಯಾದ ಪೈ-ಹೋಲ್ ಎಂಬ ಉಚಿತ ತಂತ್ರಾಂಶವು ಈ ವ್ಯವಸ್ಥೆಯನ್ನೇ ಆಶ್ರಯಿಸಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಗಣಕದಲ್ಲಿ ಅದನ್ನು ನೆಲೆಗೊಳಿಸಿ, ಮನೆಯ ಸಾಧನಗಳೆಲ್ಲ ಅದನ್ನೇ ವಿಳಾಸ ಕೇಳುವಂತೆ ರೂಟರಿನಲ್ಲಿ ಏರ್ಪಡಿಸುತ್ತಾರೆ. ಪಟ್ಟಿಯಲ್ಲಿರುವ ಜಾಹೀರಾತು ತಾಣದ ಹೆಸರು ಬಂದೊಡನೆ ಅದು ಬರಿಯ ಸೊನ್ನೆಗಳ ವಿಳಾಸವನ್ನು ಕೊಟ್ಟು ಕಳುಹಿಸುತ್ತದೆ. ವಿಳಾಸವೇ ಸಿಗದ ಮೇಲೆ ಜಾಹೀರಾತು ಬರುವುದೆಲ್ಲಿಂದ?

ಇದರ ಲಾಭ ಸಾಮಾನ್ಯವಾದುದಲ್ಲ. ಬ್ರೌಸರಿನಲ್ಲಿ ಹಾಕಿದ ತಡೆಯು ಆ ಬ್ರೌಸರಿಗೆ ಮಾತ್ರ ಸೀಮಿತ, ಇದಾದರೋ ಟಿ.ವಿ.ಗೂ, ಮಕ್ಕಳ ಟ್ಯಾಬ್ಲೆಟ್ಟಿಗೂ, ಅಜ್ಜಿಯ ಮೊಬೈಲಿಗೂ ಅನ್ವಯಿಸುತ್ತದೆ. 'ನಿಮ್ಮ ಮೊಬೈಲಿಗೆ ವೈರಸ್ ತಗುಲಿದೆ' ಎಂದು ಹೆದರಿಸುವ ಮೋಸದ ಜಾಹೀರಾತುಗಳು ಎಷ್ಟೋ ಕಡಿಮೆಯಾಗುತ್ತವೆ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವುದೂ, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದೂ ಕೆಲವು ವಿನಾಯಿತಿಗಳ ಹೊರತು ಸಲ್ಲದೆಂದು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೇ ವಿಧಿಸಿದೆ. ಹೀಗಿರುವಲ್ಲಿ ತಾಯಿತಂದೆಗಳ ಆತಂಕವನ್ನು ಅತಿಯೆನ್ನಲಾಗದು.

ಆದರೆ ಈ ಕಾವಲುಗಾರನು ಬಂದವನ ಹೆಸರನ್ನಷ್ಟೇ ಕೇಳಬಲ್ಲ. ಅವನು ಹೊತ್ತು ತಂದುದನ್ನು ಬಿಚ್ಚಿ ನೋಡಲಾರ. ಯೂಟ್ಯೂಬಿನಲ್ಲಿ ವೀಡಿಯೋ ಬರುವ ತಾಣದಿಂದಲೇ ಜಾಹೀರಾತೂ ಬರುವುದರಿಂದ ಅಲ್ಲಿ ಇವನ ಆಟ ನಡೆಯದು. ಮನೆಯಿಂದ ಹೊರಗೆ ಮೊಬೈಲ್ ಡೇಟಾ ಬಳಸುವಾಗ ಇವನ ರಕ್ಷಣೆಯಿಲ್ಲ. ತಡೆಯಬಾರದುದನ್ನು ಇವನು ತಡೆಯುವುದೂ ಉಂಟು. ಯಾವುದೋ ಅಂಗಡಿಯ ಕೊಂಡಿ ತೆರೆಯದು, ಯಾವುದೋ ಆ್ಯಪು ಮುಂದೆ ಸಾಗದು. ತಡೆ ಹಾಕಿದ ಮಗ ಪರಊರಿನ ಕೆಲಸದಲ್ಲಿದ್ದರೆ ಮನೆಯಲ್ಲಿರುವ ತಾಯಿಗೆ ಕಾಣುವುದು 'ನೆಟ್ ಇಲ್ಲ' ಎಂಬುದಷ್ಟೆ. ಆ ಪುಟ್ಟ ಗಣಕ ಕೆಟ್ಟರೆ ಮನೆಯ ಸಂಪರ್ಕವೆಲ್ಲ ನಿಂತಂತೆಯೇ. ಮುನ್ನೆಚ್ಚರಿಕೆಗೆಂದು ಹೊರಗಿನ ಡಿ.ಎನ್.ಎಸ್. ಒಂದನ್ನು ಜೊತೆಗೆ ಸೇರಿಸಿದರೆ, ಸಾಧನಗಳು ಅದನ್ನೂ ಕೇಳತೊಡಗಿ ಜಾಹೀರಾತುಗಳು ಮರಳಿ ಬರುತ್ತವೆ.

ಇನ್ನೊಂದು ಮಾತು. ನಾವು ಹಣ ಕೊಡದೆ ಓದುವ ಅನೇಕ ಪತ್ರಿಕಾತಾಣಗಳು ಬದುಕಿರುವುದು ಜಾಹೀರಾತಿನ ಆದಾಯದಿಂದ. ಉಂಡ ಅನ್ನದ ಬೆಲೆಯನ್ನು ಯಾರೋ ಒಬ್ಬರು ಕೊಡಲೇಬೇಕು.

ಇವೆಲ್ಲಕ್ಕಿಂತ ಗಂಭೀರವಾದ ಸಂಗತಿ ಬೇರೆಯಿದೆ. ಯಾವ ಸಾಧನ, ಯಾವ ಗಳಿಗೆಯಲ್ಲಿ, ಯಾವ ತಾಣವನ್ನು ಕೇಳಿತೆಂಬುದನ್ನು ಪೈ-ಹೋಲ್ ಬರೆದಿಡುತ್ತದೆ. ಪುಟದೊಳಗಿನ ವಿಷಯ ಅದಕ್ಕೆ ತಿಳಿಯದು, ನಿಜ. ಆದರೂ ಸೊಸೆ ಯಾವ ಆಸ್ಪತ್ರೆಯ ತಾಣವನ್ನು ನೋಡಿದಳು, ಮಗ ಯಾವ ಉದ್ಯೋಗದ ತಾಣವನ್ನು ತೆರೆದ ಎಂಬುದು ಆ ದಾಖಲೆ ಹಿಡಿದವರ ಕಣ್ಣಿಗೆ ಬೀಳುತ್ತದೆ. ಹೊರಗಿನವರ ಕಣ್ಣನ್ನು ತಪ್ಪಿಸಹೋಗಿ ಮನೆಯೊಳಗೇ ಒಂದು ಕಣ್ಣನ್ನು ನೆಟ್ಟಂತಾಗಲಿಲ್ಲವೇ? ಒಲೆಯೊಂದೇ ಆದರೂ ಮನೆಯ ಪ್ರತಿಯೊಬ್ಬರ ಮನಸ್ಸಿಗೂ ತನ್ನದೇ ಆದ ಒಂದು ಏಕಾಂತವಿದೆ. ಹಿರಿತನವಾಗಲಿ, ತಂತ್ರಜ್ಞಾನದ ಅರಿವಾಗಲಿ ಅದರೊಳಗೆ ಇಣುಕುವ ಅಧಿಕಾರವನ್ನು ಕೊಡದು.

ಆದುದರಿಂದ ನಮ್ಮ ಸಲಹೆ ಇಷ್ಟು. ಕಾವಲು ಬೇಕೆನಿಸಿದರೆ ಇರಲಿ. ಆದರೆ ಮನೆಯವರೆಲ್ಲರನ್ನು ಕೂಡಿಸಿ, ತಿಳಿಸಿ, ಒಪ್ಪಿಸಿ ಇರಿಸಿರಿ. ದಾಖಲೆ ಬರೆಯುವುದನ್ನು ನಿಲ್ಲಿಸುವ ಸೌಕರ್ಯ ಅದರಲ್ಲಿಯೇ ಇದೆ, ಅದನ್ನು ಬಳಸಿರಿ. 2020ರ 5ನೆಯ ಆವೃತ್ತಿಯಿಂದ ಬೇರೆ ಬೇರೆ ಸಾಧನಗಳಿಗೆ ಬೇರೆ ಬೇರೆ ನಿಯಮವನ್ನಿಡಲು ಬರುತ್ತದೆ. ಮಕ್ಕಳಿಗಿಟ್ಟ ನಿಯಮವನ್ನು ಹಿರಿಯರ ಮೇಲೆ ಹೇರಬೇಕಾದುದಿಲ್ಲ. ತಡೆಯನ್ನು ಸ್ವಲ್ಪ ಹೊತ್ತು ತೆಗೆಯುವ ಬಗೆಯನ್ನು ಮನೆಯಲ್ಲಿರುವ ಇನ್ನೊಬ್ಬರಿಗಾದರೂ ಕಲಿಸಿರಿ. ದಿನವೂ ಓದುವ ಪತ್ರಿಕೆಗೆ ಚಂದಾ ಕಟ್ಟಿರಿ, ಇಲ್ಲವೇ ಅದನ್ನು ಓದುವಾಗ ತಡೆಯನ್ನು ಸ್ವಲ್ಪ ಹೊತ್ತು ತೆಗೆಯಿರಿ. ಬಾಗಿಲಿಗೆ ಅಗುಳಿ ಹಾಕುವುದು ತಪ್ಪಲ್ಲ. ಅದನ್ನು ತೆಗೆಯುವ ಬಗೆ ಒಳಗಿರುವವರಿಗೆ ತಿಳಿದಿರಬೇಕು.