ಅಡ್ಡಹೆಸರಿಲ್ಲದವರ ಪಾಸ್‌ಪೋರ್ಟ್

ರಜೆಯಲ್ಲಿ ವಿದೇಶ ಪ್ರವಾಸಕ್ಕೆ ಹೊರಡುವವರು ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿದೆಯೇ, ಮುದ್ರೆಯೊತ್ತಲು ಖಾಲಿ ಪುಟಗಳಿವೆಯೇ ಎಂದು ನೋಡಿಕೊಳ್ಳುತ್ತಾರೆ. ತಮ್ಮ ಹೆಸರು ಸಾಕಷ್ಟು ಉದ್ದವಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

2022ರ ನವೆಂಬರ್ 22ರಂದು ನಾವು ಮನೆಮಂದಿಯೆಲ್ಲ ಒಂದು ವಾರದ ಪ್ರವಾಸಕ್ಕೆಂದು ದುಬೈಗೆ ಹೊರಟಿದ್ದೆವು. ಜೊತೆಯಲ್ಲಿ ನನ್ನ ಅಕ್ಕ. ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಗಂಡ ತೀರಿಕೊಂಡ ಮೇಲೆ ದೆಹಲಿಯಲ್ಲಿ ನಮ್ಮೊಡನೆ ಇರುವ ಅರವತ್ತೈದರ ಹೆಂಗಸು. ಅವಳದು ನಾಲ್ಕೇ ಅಕ್ಷರದ, ಒಂದೇ ಪದದ ಹೆಸರು. ವಿಮಾನ ಸಂಸ್ಥೆಯ ಕೌಂಟರಿನಲ್ಲಿದ್ದ ತರುಣ ಅವಳ ಪಾಸ್‌ಪೋರ್ಟನ್ನು ತಿರುವಿ, "ಉಪನಾಮ ಇಲ್ಲ, ಹತ್ತಿಸಿಕೊಳ್ಳುವಂತಿಲ್ಲ" ಎಂದ. ಒಂದೇ ಪದದ ಹೆಸರುಳ್ಳ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂಬ ಸಂಯುಕ್ತ ಅರಬ್ ಸಂಸ್ಥಾನಗಳ ನಿಯಮ ಹಿಂದಿನ ದಿನವಷ್ಟೇ ಜಾರಿಗೆ ಬಂದಿತ್ತು. ಮೊದಲೇ ದೊರೆತಿದ್ದ ವೀಸಾ ಕೂಡ ನಿರರ್ಥಕವಾಯಿತು. ಮಕ್ಕಳನ್ನು ಕಳುಹಿಸಿ ನಾನೂ ಅಕ್ಕನೂ ಮನೆಗೆ ಮರಳಿದೆವು. ಟ್ಯಾಕ್ಸಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು: "ನನ್ನ ಹೆಸರಲ್ಲಿ ಏನೋ ಕೊರತೆ?"

ಉತ್ತರ ಕೊಡಬೇಕಾದವನು ನಾನೇ. ಅವಳ ಅರ್ಜಿಯನ್ನು ತುಂಬಿದವನೂ ನಾನೇ. ಸುಮಾರು ಮೂವತ್ತು ವರ್ಷ ಸರ್ಕಾರದ ನಮೂನೆಗಳ ನಡುವೆಯೇ ಬದುಕಿದ ನಾನು, ಉಪನಾಮದ ಕಲಂ ಕಡ್ಡಾಯವಲ್ಲವೆಂಬುದನ್ನು ಖಚಿತಪಡಿಸಿಕೊಂಡು ಅದನ್ನು ಖಾಲಿ ಬಿಟ್ಟಿದ್ದೆ. ಸರ್ಕಾರವೂ ಅದನ್ನು ಒಪ್ಪಿ, ರಾಷ್ಟ್ರಲಾಂಛನವಿರುವ ಪುಸ್ತಕವನ್ನು ಕೊಟ್ಟಿತ್ತು. ತಾನೇ ಪೂರ್ಣವೆಂದು ಒಪ್ಪಿದ ಹೆಸರನ್ನು ಪರದೇಶ ಅಪೂರ್ಣವೆಂದಾಗ ಅದನ್ನು ಸಮರ್ಥಿಸಬೇಕಾದವರು ಯಾರು? ಪಾಸ್‌ಪೋರ್ಟ್ ಕೊಟ್ಟವರೋ, ಪಡೆದವರೋ?

ಕೆಲವೇ ದಿನಗಳಲ್ಲಿ ಸ್ಪಷ್ಟೀಕರಣವೊಂದು ಬಂತು. ಪಾಸ್‌ಪೋರ್ಟಿನಲ್ಲಿ ಬೇರೆಡೆ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದರು. ಅಕ್ಕನ ಪುಸ್ತಕದ ಕೊನೆಯ ಪುಟದಲ್ಲಿ ನಮ್ಮ ತಂದೆಯ ಹೆಸರು ಮೊದಲಿನಿಂದಲೂ ಇತ್ತು! ಪುಟ ತಿರುವಿದರೆ ಬಗೆಹರಿಯುವಷ್ಟು ಸಣ್ಣದಾಗಿತ್ತು ಆ ಮಹಾಲೋಪ.

ಭದ್ರತೆಯ ಮಾತನ್ನು ಎತ್ತುವವರಿದ್ದಾರೆ. ಯಾರನ್ನು ಒಳಗೆ ಬಿಡಬೇಕೆಂಬುದು ಆಯಾ ದೇಶದ ಅಧಿಕಾರವೆಂಬುದು ನಿರ್ವಿವಾದ. ಆದರೆ ಮನುಷ್ಯನನ್ನು ಗುರುತಿಸಲು ಪಾಸ್‌ಪೋರ್ಟಿನ ಸಂಖ್ಯೆಯಿದೆ, ಭಾವಚಿತ್ರವಿದೆ, ಜನ್ಮದಿನಾಂಕವಿದೆ. ಒಂಟಿ ಹೆಸರಿನವರು ಟಿಕೆಟ್ ಕೊಳ್ಳುವಾಗ ಅದೇ ಹೆಸರನ್ನು ಎರಡು ಬಾರಿ ಬರೆಯುವಂತೆ ಹೇಳುವ ವಿಮಾನ ಸಂಸ್ಥೆಗಳುಂಟು. ಎರಡು ಬಾರಿ ಬರೆದ ಮಾತ್ರಕ್ಕೆ ಗುರುತು ಇಮ್ಮಡಿಯಾಗುವುದೇ? ಅಮೆರಿಕದ ಪದ್ಧತಿಯಂತೂ ಇನ್ನೂ ವಿಚಿತ್ರ. ಒಂದೇ ಹೆಸರಿದ್ದವರ ಆ ಹೆಸರನ್ನು ವೀಸಾದಲ್ಲಿ ಉಪನಾಮದ ಜಾಗಕ್ಕೆ ಸೇರಿಸಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ನಮೂದಿಸುತ್ತಾರೆ. ಎಂದರೆ 'ಮೊದಲ ಹೆಸರು ತಿಳಿದಿಲ್ಲ'! ತಾಯಿತಂದೆ ತೊಟ್ಟಿಲಲ್ಲಿ ಕರೆದ ಒಂದೇ ಹೆಸರುಳ್ಳವಳು ಆ ಕಾಗದದಲ್ಲಿ ಹೆಸರೇ ಗೊತ್ತಿಲ್ಲದವಳು.

ಇದು ಜಗತ್ತಿನ ಅನಿವಾರ್ಯ ನಿಯಮವೇ ಎಂದರೆ ಅದೂ ಅಲ್ಲ. ಯಂತ್ರಗಳು ಓದುವ ಪಾಸ್‌ಪೋರ್ಟಿಗೆ ಮಾನದಂಡ ರೂಪಿಸಿರುವುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. ಅದರ 9303ನೆಯ ದಸ್ತಾವೇಜಿನ ಪ್ರಕಾರ ಒಂದು ಮುಖ್ಯ ಹೆಸರಿದ್ದರೆ ಸಾಕು. ಎರಡನೆಯ ಭಾಗವಿಲ್ಲದವರನ್ನೂ ಅದು ಗಣನೆಗೆ ತೆಗೆದುಕೊಂಡಿದೆ. ಇಂಡೋನೇಷ್ಯವನ್ನು ದಶಕಗಳ ಕಾಲ ಆಳಿದ ಸುಕಾರ್ನೋ, ಸುಹಾರ್ತೋ ಇಬ್ಬರದೂ ಒಂಟಿ ಹೆಸರೇ. ಐಸ್‌ಲ್ಯಾಂಡಿನಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ, ತಂದೆಯ ಅಥವಾ ತಾಯಿಯ ಹೆಸರಿನಿಂದಾದದ್ದೇ ಇದೆ.

ನಮ್ಮ ನಾಡಿನಲ್ಲಿಯೇ ಎರಡು ಸಂಪ್ರದಾಯಗಳುಂಟು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರು ಈ ಕಲಮುಗಳಿಗೆ ಹೇಳಿ ಮಾಡಿಸಿದಂತಿದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರದು ಹಾಗಲ್ಲ. ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ತಾವು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡರದೂ ಅದೇ ಕ್ರಮ. 1996ರಲ್ಲಿ ಈ ಹೆಸರಿನವರು ದೇಶದ ಪ್ರಧಾನಿಯಾದರು. ಆದರೂ 'ನಿಮ್ಮ ಉಪನಾಮ ಯಾವುದು?' ಎಂಬ ಪ್ರಶ್ನೆಗೆ ಹಳೆಯ ಮೈಸೂರಿನವರು ಇಂದಿಗೂ ತಬ್ಬಿಬ್ಬಾಗುತ್ತಾರೆ. ಇನಿಶಿಯಲ್ಲನ್ನು ಪಾಸ್‌ಪೋರ್ಟ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ ಊರನ್ನು ಉಪನಾಮದ ಕಲಮಿನಲ್ಲಿಟ್ಟರೆ ಪರದೇಶದ ಹೋಟೆಲಿನಲ್ಲಿ ಊರಿನ ಹೆಸರಿನಿಂದ ಕರೆಸಿಕೊಳ್ಳಬೇಕು. ತಂದೆಯ ಹೆಸರನ್ನಿಟ್ಟರೆ ಮಗನೂ ತಂದೆಯೂ ಒಂದೇ ಆಗಿಬಿಡುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಅಡ್ಡಹೆಸರಿಲ್ಲದವನಿಗೆ ತಟ್ಟನೆ ಸಿಗುವ ಉಪನಾಮವೆಂದರೆ ಜಾತಿ. ಜಾತಿಸೂಚಕವನ್ನು ಬುದ್ಧಿಪೂರ್ವಕವಾಗಿ ಕೈಬಿಟ್ಟ ತಲೆಮಾರೊಂದು ನಮ್ಮಲ್ಲಿ ಆಗಿಹೋಗಿದೆ. ಅಜ್ಜ ಬಿಟ್ಟದ್ದನ್ನು ಮೊಮ್ಮಗ ಒಂದು ವಾರದ ವಿಹಾರಕ್ಕಾಗಿ ಮತ್ತೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಾನೆ. ಹೊರನಾಡ ಕನ್ನಡಿಗರಾದ ನಾವು ಈ ಪಾಪದಲ್ಲಿ ಪಾಲುದಾರರು. ಶಾಲೆಯ ಗುಮಾಸ್ತ ಕೇಳಿದನೆಂದು ಮಗುವಿಗೆ ಅಲ್ಲೇ ನಿಂತು ಒಂದು ಉಪನಾಮವನ್ನು ಹುಟ್ಟಿಸಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಅನುಕೂಲವೆಂದು ಬಗ್ಗಿದೆವು, ಈಗ ಬಗ್ಗಿದ್ದೇ ನಿಯಮವಾಗಿದೆ.

ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲೇ ಹೇಳಿತು. ಪಾಸ್‌ಪೋರ್ಟ್ ಅಧಿನಿಯಮ ಬಂದದ್ದು ಆ ತೀರ್ಪಿನ ಬೆನ್ನಿಗೆ. ಆ ಸ್ವಾತಂತ್ರ್ಯಕ್ಕೆ ತನ್ನ ಹೆಸರನ್ನೇ ತೆರಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಆದ್ದರಿಂದ ವಿದೇಶಾಂಗ ಸಚಿವಾಲಯವನ್ನು ಕೇಳಬೇಕಾದದ್ದು ಮೂರೇ ಮಾತು. ಪೂರ್ಣ ಹೆಸರಿಗೆ ಒಂದೇ ಕಲಂ ಇರಲಿ. ಒಂಟಿ ಹೆಸರಿಗೆ ತಡೆಯಿರುವ ದೇಶಗಳ ವಿಚಾರವನ್ನು ಅರ್ಜಿ ತುಂಬುವಾಗಲೇ ತಿಳಿಸಲಿ. ಅಂತಹ ದೇಶಗಳೊಡನೆ, ಮಾನದಂಡದ ದಸ್ತಾವೇಜನ್ನೇ ಮುಂದಿಟ್ಟು, ಮಾತುಕತೆ ನಡೆಸಲಿ. ಹೊರನಾಡಿನ ಕನ್ನಡ ಸಂಘಗಳು ಕೂಡಿ ಈ ಬಗ್ಗೆ ಒಂದು ಮನವಿಯನ್ನು ಸಿದ್ಧಪಡಿಸಬೇಕು. ಇದು ತಮಿಳರ, ಮಲಯಾಳಿಗಳ ಕಷ್ಟವೂ ಹೌದು, ಅವರೂ ಜೊತೆಗೂಡಿಯಾರು.

'ಸುಮ್ಮನೆ ಒಂದು ಉಪನಾಮ ಸೇರಿಸಿಬಿಡಿ ಸಾರ್' ಎಂದು ಪ್ರವಾಸದ ಏಜೆಂಟ್ ಸಲಹೆ ಕೊಟ್ಟ. ನಾನು ಅದನ್ನು ಅಕ್ಕನಿಗೆ ತಿಳಿಸಿದೆ. "ಅರವತ್ತೈದು ವರ್ಷ ಎಲ್ಲರೂ ಕರೆದದ್ದು ಸಾಲದಂತೇನೋ? ದುಬೈ ನೋಡದಿದ್ದರೆ ಬೇಡ ಬಿಡು" ಎಂದು ಅವಳು ಅಡಿಗೆಮನೆಗೆ ಹೋದಳು. ಅವಳು ಸೋತಳೆಂದು ನನಗನ್ನಿಸುವುದಿಲ್ಲ. ಸೋತದ್ದು, ಅವಳ ಹೆಸರನ್ನು ಅಚ್ಚು ಹಾಕಿ ಕೊಟ್ಟು, ಅದರ ಬೆನ್ನಿಗೆ ನಿಲ್ಲದೆ ಹೋದ ಸರ್ಕಾರ. ಆ ಸರ್ಕಾರದ ಸಂಬಳ ತಿನ್ನುವವನು ನಾನು. ಆದುದರಿಂದಲೇ ಇದನ್ನು ಬರೆಯಬೇಕಾಯಿತು.