ಪಾಮ್ ಎಣ್ಣೆ ಪೈಪೋಟಿ ಮತ್ತು ಗಡಿಭಾಗದ ಕುಸುಬಿ

ಸೊಲ್ಲಾಪುರ: ಅಕ್ಕಲಕೋಟ, ನಂದೇಶ್ವರ ಕಡೆಯ ಕಿರಾಣಿ ಅಂಗಡಿಗಳಲ್ಲಿ ಸಿಗುವ ಪಾಮ್ ಎಣ್ಣೆ ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾಗಳದ್ದು. ಒಂದು ಕಾಲಕ್ಕೆ ಮಲೇಷ್ಯಾ ಮುಂದಿತ್ತು. 2006ರ ಸುಮಾರಿಗೆ ಇಂಡೋನೇಷ್ಯಾ ಅದನ್ನು ಹಿಂದೆ ಹಾಕಿತು. 2024ರಲ್ಲಿ ಮಲೇಷ್ಯಾ ತೆಗೆದದ್ದು ಸುಮಾರು 1.93 ಕೋಟಿ ಟನ್, ಇಂಡೋನೇಷ್ಯಾ ಅದರ ಎರಡು ಪಟ್ಟಿಗೂ ಹೆಚ್ಚು.

ತಾಳೆಯ ಬೀಜದ ವಿಷಯದಲ್ಲಿ ಇಬ್ಬರೂ ಜಾಣರೇ. ಬೀಜವನ್ನು ಹಾಗೆಯೇ ಮಾರುವುದು ಕಡಿಮೆ. ತಮ್ಮಲ್ಲೇ ಅರೆದು ಎಣ್ಣೆಯನ್ನು ಸಾಬೂನು ಮುಂತಾದ ಉದ್ಯಮಗಳಿಗೆ, ಹಿಂಡಿಯನ್ನು ದನಗಳ ಆಹಾರಕ್ಕೆ ರಫ್ತು ಮಾಡುತ್ತಾರೆ. ಗಡಿಭಾಗದ ರೈತನಾದರೋ ಕಾಳು ಮಾರಿ, ಎತ್ತಿಗೆ ಹಿಂಡಿ (ಮರಾಠಿಯ ಪೆಂಡ್) ಕೊಂಡು ತರುತ್ತಾನೆ.

2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ ಇಲ್ಲಿಯ ಒಗ್ಗರಣೆಯೂ ತುಟ್ಟಿಯಾಯಿತು. ಮೇ 23ಕ್ಕೆ ನಿಷೇಧ ತೆರವಾಯಿತು.

ಕುಸುಬಿ (ಕರಡಈ) ಸಂಶೋಧನಾ ಕೇಂದ್ರವಿರುವ ಸೊಲ್ಲಾಪುರದಲ್ಲೇ ಕುಸುಬಿ ಹೊಲಗಳು ಕಡಿಮೆಯಾಗಿವೆ. ಪಾಮ್ ಒಂದೇ ಕಾರಣವಲ್ಲ, ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗುವುದೂ ಕಷ್ಟ. ಆದರೆ ದರದ ಭರವಸೆಯೂ ಬೇಕಲ್ಲ? ಕೇಂದ್ರ ಸರಕಾರ 2024ರ ಸೆಪ್ಟೆಂಬರ್‌ನಲ್ಲಿ, ಹಿಂಗಾರಿ ಬಿತ್ತನೆಯ ಹೊತ್ತಿಗೆ, ಕಚ್ಚಾ ಪಾಮ್ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ಕ್ಕೆ ಏರಿಸಿತು. 2025ರ ಮೇ ಕೊನೆಗೆ ಅದು ಶೇ. 10ಕ್ಕೆ ಇಳಿಯಿತು. ಮುಂದಿನ ಬಿತ್ತನೆಗೆ ಆಗ ನಾಲ್ಕೇ ತಿಂಗಳಿತ್ತು.